ಬಿಳಿ ಗುಲಾಬಿಯ ಹೇನು

ಬಿಸಿಲುಗಾಲದಲ್ಲಿ ಕೊಡೆ ರಿಪೇರಿಯವನಿಗೆ ಕನಸು ಕಾಣುವುದನ್ನು ಬಿಟ್ಟರೆ ಹೆಚ್ಚಿನ ಕೆಲಸವಿರುವುದಿಲ್ಲ. ಮಹಡಿ ಮೆಟ್ಟಿಲ ಕೆಳಗೆ, ಎದ್ದರೆ ತಲೆಗೂ ಚಾಚಿದರೆ ಕಾಲಿಗೂ ಎಡೆ ಸಾಲದ ಮೂಲೆಯೇ ಅವನ ಅಂಗಡಿ. ರಿಪೇರಿ ಮುಗಿದರೂ ಯಾರೂ ಒಯ್ಯಲು ಬಾರದ ಕೊಡೆಗಳು ಅಲ್ಲಿ ಅರೆಬಿಚ್ಚಿ ತೂಗುತ್ತಿದ್ದವು. ಬೀದಿಯ ಬೆಳಕು ಅವುಗಳ ನೀಲಿ, ಹಸಿರು ಬಟ್ಟೆಯನ್ನು ಹಾದು ಬಂದು ಅವನ ಮಡಿಲಲ್ಲಿ ನೀರಿನಂತೆ ಅಲುಗುತ್ತಿತ್ತು. ಇಂಥ ಬೆಳಕಿನಲ್ಲಿ ವರ್ಷಗಟ್ಟಲೆ ಕೂತವನಿಗೆ ಮೀನಿನ ಮೇಲೆ ಮನಸ್ಸಾದದ್ದರಲ್ಲಿ ಅಚ್ಚರಿಯೇನಿಲ್ಲ.

ಬೀದಿಯವರಿಗೆ ಅವನು ಕೊಡೆ ಡಾಕ್ಟರು. ಮಧ್ಯಾಹ್ನ ಬೀದಿಯೆಲ್ಲ ತೂಕಡಿಸುವ ಹೊತ್ತಿಗೆ ಡಾಕ್ಟರು ಒಂದು ಹಳೆಯ ಬಿಳಿ ಕೊಡೆಯನ್ನು ಬಿಚ್ಚಿ, ಕಟ್ಟಡದ ಬೇಲಿಗಿಡದ ಅಡಿಗೆ ಅದನ್ನು ತಲೆಕೆಳಗಾಗಿ ಹಿಡಿದು, ಮುರಿದ ಕೊಡೆಕಡ್ಡಿಯಿಂದ ಕೊಂಬೆಯನ್ನು ತಟ್ಟುತ್ತಿದ್ದ. ಗಿಡಹೇನು, ಜಿಗಿಹುಳು, ಸಾಸಿವೆಗಿಂತ ಸಣ್ಣ ಹಸಿರು ಮರಿಗಳು ಪಟಪಟನೆ ಬಟ್ಟೆಯ ಮೇಲೆ ಉದುರುತ್ತಿದ್ದವು. ಆ ಸದ್ದು ಕೇಳುತ್ತ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

“ಏನ್ ಡಾಕ್ಟ್ರೇ, ಈ ಸಲ ಮಳೆ ನೆಲದಿಂದ ಮೇಲಕ್ಕೆ ಬೀಳುತ್ತಾ?” ಎಂದು ಅಂಚೆಯವನು ಸೈಕಲ್ ನಿಲ್ಲಿಸಿ ಕೇಳಿದ.

“ಬಿದ್ರೂ ಬೀಳ್ಬಹುದು. ನಿಮ್ಮ ಕೊಡೇನೂ ತಂದ್ಕೊಡಿ, ತಿರುಗಿಸಿ ಕೊಡ್ತೀನಿ.”

ಹುಳುಗಳೆಲ್ಲ ಒಂದೇ ಮೀನಿಗಾಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೆಂಡತಿ ಕೊಡೆಬಟ್ಟೆ ಹೊಲಿಯುವ ಯಂತ್ರದ ಪಕ್ಕದಲ್ಲಿ, ಬೆಚ್ಚನೆಯ ನೀರಿನ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಬೆರಳುದ್ದದ ಅರೆಕೊಕ್ಕಿನ ಮೀನೊಂದು ನೀರಿನ ಮೇಲ್ಪದರಕ್ಕೇ ಅಂಟಿಕೊಂಡಂತೆ ತೇಲುತ್ತಿತ್ತು. ಕೆಳದವಡೆ ಸೂಜಿಯಷ್ಟು ಉದ್ದ, ಮೇಲ್ದವಡೆ ಗಿಡ್ಡ. ಬ್ರಹ್ಮ ಅರ್ಧಕ್ಕೇ ಎದ್ದುಹೋದನೇನೋ ಎನ್ನಿಸುವ ಮುಖ. ಮೊಟ್ಟೆಯಿಡದೆ ಮರಿ ಹಾಕುವ ಜಾತಿ ಅದು. ಎರಡು ಸಲ ಮರಿ ಹಾಕಿತ್ತು. ಎರಡು ಸಲವೂ ಮರಿಗಳು ಎಳೆಯ ನೂಲಿನ ತುಂಡುಗಳಂತೆ ತಳಕ್ಕಿಳಿದು, ಮರಳಿನ ಮೇಲೆ ಮಲಗಿ, ಮತ್ತೆ ಅಲುಗಲಿಲ್ಲ.

“ಡಬ್ಬಿ ಆಹಾರ ತಿಂದ್ರೆ ತಾಯಿ ಬದುಕುತ್ತೆ, ಮರಿ ಬದುಕಲ್ಲ. ಗಿಡದ ಮೇಲಿನ ಜೀವಂತ ಹುಳ ಬೇಕು ಅದಕ್ಕೆ, ದಿನಾ,” ಎಂದಿದ್ದ ಮೀನಿನಂಗಡಿಯವನು. “ಬೇರೆ ಜೋಡಿ ಮಾತ್ರ ಕೇಳ್ಬೇಡಿ. ಈಗ ಬರ್ತಾನೇ ಇಲ್ಲ.”

ಗಂಡು ಮೀನು ಒಂದು ಸಂಜೆ ತೊಟ್ಟಿಯಿಂದ ಜಿಗಿದು ನೆಲದ ಪಾಲಾಗಿತ್ತು. ಹೆಣ್ಣಿನ ಹೊಟ್ಟೆಯಲ್ಲಿ ಈಗ ಇದ್ದವೇ ಕೊನೆಯ ಮರಿಗಳು. ಇವೂ ಸತ್ತು ಹುಟ್ಟಿದರೆ ಆ ಕೋಣೆಯ ನೀರಿನಲ್ಲಿ ಅರೆಕೊಕ್ಕಿನ ವಂಶ ಅಲ್ಲಿಗೆ ಮುಗಿದಂತೆ. ಗಾಳಿಗೆ ಸಿಕ್ಕಿ ಒಳಹೊರಗಾದ ಕೊಡೆಯನ್ನೂ ‘ಇದು ಹೋಯಿತು’ ಎಂದು ಒಪ್ಪದ ಮನುಷ್ಯನಿಗೆ ಈ ಯೋಚನೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಹೀಗಿರುವಾಗ ಕಟ್ಟಡದ ಒಡೆಯ ಗೋಡೆಗೆ ಬಣ್ಣ ಹೊಡೆಸುವ ನೆವದಲ್ಲಿ ಬೇಲಿಗಿಡವನ್ನು ಬುಡದವರೆಗೆ ಕತ್ತರಿಸಿಬಿಟ್ಟ. ಇನ್ನು ಉಳಿದದ್ದು ಮಾಳಿಗೆಯ ಮೇಲಿನ ಗುಲಾಬಿ ಕುಂಡಗಳು. ಅವು ಮಾವನವು.

ಹೆಂಡತಿಯ ಅಪ್ಪ ಆಸ್ಪತ್ರೆಯೊಂದರ ತೋಟದಲ್ಲಿ ಆಯುಷ್ಯವೆಲ್ಲ ಮಾಲಿಯಾಗಿದ್ದು, ಈಗ ಮಗಳ ಮನೆಯಲ್ಲಿದ್ದ. ತನ್ನ ಗಿಡದಲ್ಲಿ ಹುಳ ಕಂಡರೆ ಮನೆಗೆ ಕಳ್ಳ ನುಗ್ಗಿದಂತೆ ಆಡುವ ಮನುಷ್ಯ. ಬೇಲಿಯಿಂದ ಗುಳೆ ಎದ್ದ ಹೇನುಗಳು ಗುಲಾಬಿಯ ಚಿಗುರನ್ನು ಮುತ್ತಿದ ದಿನ ಅವನು ಪಿಚಕಾರಿಗೆ ಔಷಧಿ ತುಂಬಿಕೊಂಡೇ ನಿಂತಿದ್ದ.

“ಮಾವ, ಹೊಡೀಬೇಡಿ. ವಿಷ ತಿಂದ ಹುಳ ಮೀನಿಗಾಗಲ್ಲ.”

“ಓಹೋ, ಅಳಿಯಂದ್ರೇ! ನನ್ನ ಗಿಡ ಏನು ನಿಮ್ಮ ಮೀನಿನ ಹೋಟ್ಲಾ?”

“ಒಂದ್ಸಲ ಬಂದು ನೋಡಿ. ಆಮೇಲೆ ಏನಾದ್ರೂ ಮಾಡಿ.”

ಮಾವ ಪಿಚಕಾರಿಯನ್ನು ಕೈಯಲ್ಲಿ ಹಿಡಿದೇ ಇಳಿದು ಬಂದ. ಅಳಿಯ ಒಂದು ಚಿಗುರನ್ನು ನೀರಿನ ಮೇಲೆ ಒದರಿದ. ಹಸಿರು ಚುಕ್ಕೆಗಳು ತೇಲಿದವು. ಅದುವರೆಗೆ ಕಡ್ಡಿಯಂತೆ ನಿಂತಿದ್ದ ಮೀನು ಒಮ್ಮೆಲೇ ಬಾಣವಾಯಿತು. ಟಕ್ಕೆಂದು ಒಂದು, ಟಕ್ಕೆಂದು ಇನ್ನೊಂದು. ಮಾವನ ಬಾಯಿ ತೆರೆದುಕೊಂಡಿತು. ಬಾಳಿಡೀ ಒಬ್ಬನೇ ಕಾದಾಡಿದವನಿಗೆ ಮುಪ್ಪಿನಲ್ಲಿ ಸೈನ್ಯ ಸಿಕ್ಕಿದಂತಾಗಿತ್ತು.

“ಅಗಿಯುತ್ತೇನೋ ಅದು! ಜೀವಂತ! ಹಾಕು, ಇನ್ನೂ ಹಾಕು. ಆ ದಪ್ಪಗಿರೋನು ಇದ್ದಾನಲ್ಲ, ಅವನ್ನ ಮೊದ್ಲು ತಿನ್ನಿಸು!”

ಮರುದಿನದಿಂದ ಮಾವನ ಬೇಟೆ ಶುರುವಾಯಿತು. ಬಿಸಿಲೇರುವ ಮೊದಲೇ ಕುಂಚ, ಬಟ್ಟಲು ಹಿಡಿದು ಕುಂಡದಿಂದ ಕುಂಡಕ್ಕೆ ಸಾಗಿ, ಎಲೆಯ ಬೆನ್ನು ತಿರುವಿ, ಮೊಗ್ಗಿನ ಕೊರಳು ತಡವಿ, ಒಂದೊಂದನ್ನೂ ಗುಡಿಸಿ ತರುತ್ತಿದ್ದ. ಮೀನಿನ ಹೊಟ್ಟೆ ದುಂಡಗಾಗುತ್ತ ಬಂತು. ಹರಿತ ನಾಲಗೆಯ ಮಾವನೂ ಮಾತು ಕಡಿಮೆಯ ಅಳಿಯನೂ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುವುದನ್ನು ಕಂಡು, ಮನೆಯ ಹೆಣ್ಣುಮಗಳು ಹೊಲಿಗೆಯಂತ್ರದ ಸದ್ದನ್ನೇ ತಗ್ಗಿಸುತ್ತಿದ್ದಳು.

ಎಡವಟ್ಟಾದದ್ದು ಅಲ್ಲೇ. ಒಂದು ಬೆಳಿಗ್ಗೆ ಮಾವ ಬರಿಯ ಬಟ್ಟಲನ್ನು ಬೋರಲು ಹಿಡಿದು, ಗೆದ್ದ ದೊರೆಯಂತೆ ಇಳಿದ.

“ಮುಗೀತು! ಹುಡುಕಿದ್ರೂ ಒಂದೂ ಇಲ್ಲ. ಬೇಕಾದ್ರೆ ಹೋಗಿ ನೋಡು.”

ಅಳಿಯನ ಮುಖ ಕಳೆಗುಂದಿತು. “ಎಲ್ಲಾನೂ ಮುಗಿಸಿಬಿಟ್ರಾ ಮಾವ? ಮರಿಯಾಗೋಕೆ ಇನ್ನೂ ದಿನ ಇದೆಯಲ್ಲ.”

ಗೆಲುವಿನ ನಗೆ ಮಾವನ ಮುಖದ ಮೇಲೆ ನಿಂತಲ್ಲೇ ಸೊರಗಿತು. ಒಬ್ಬನಿಗೆ ಹುಳ ಬೇಕಿತ್ತು, ಇನ್ನೊಬ್ಬನಿಗೆ ಹುಳ ಬೇಡವಾಗಿತ್ತು; ಇಷ್ಟು ದಿನ ಒಂದೇ ಬಟ್ಟಲಿಗೆ ಕೈಹಾಕಿದ್ದರಿಂದ ಅದು ಇಬ್ಬರಿಗೂ ತೋಚಿರಲಿಲ್ಲ.

ಹತ್ತಿರದಲ್ಲಿ ಹುಳ ತುಂಬಿದ ತೋಟವೆಂದರೆ ಪಕ್ಕದ ಮನೆಯ ನರ್ಸಮ್ಮನದು. ಆದರೆ ಹಿಂದೊಮ್ಮೆ ಅವಳಿಲ್ಲದಾಗ ಮಾವ ಗೋಡೆಯಾಚೆಗೆ ಪಿಚಕಾರಿ ಚಾಚಿ, ಅವಳ ಬಳ್ಳಿಗೆ ಕೇಳದೆಯೇ ಔಷಧಿ ಹೊಡೆದಿದ್ದ. ಅಂದಿನಿಂದ ಎರಡು ಮನೆಗಳಿಗೂ ಮಾತಿರಲಿಲ್ಲ. ಅಳಿಯ ಸಂಕೋಚದಿಂದಲೇ ಹೋಗಿ ಕೇಳಿದಾಗ ಅವಳು ಪುಸ್ತಕದಿಂದ ತಲೆಯನ್ನೂ ಎತ್ತದೆ, “ನಿಮ್ಮ ಮಾವ ಬಂದು ಕೇಳ್ಲಿ,” ಎಂದಳು.

ಅದನ್ನು ಮಾವನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳಿದವಳು ಹೆಂಡತಿ. ಮಾವ ಕೇಳಿಸಿಕೊಂಡ, ಮಾಳಿಗೆ ಹತ್ತಿದ, ಊಟಕ್ಕೂ ಇಳಿಯಲಿಲ್ಲ. ಮೀನು ಡಬ್ಬಿಯ ಪುಡಿಯನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿತ್ತು. ಕೊಡೆ ಡಾಕ್ಟರು ರಿಪೇರಿಗೆ ಬಂದ ಒಂದೇ ಕೊಡೆಯನ್ನು ಬಿಚ್ಚಿ ಮುಚ್ಚಿ ಬಿಚ್ಚುತ್ತ ಕೂತ. ನೆಲದ ಮೇಲೆ ನೀಲಿ ನೆರಳು ಅರಳಿತು, ಮುದುಡಿತು. ಆ ನೆರಳಿನ ತಳದಲ್ಲಿ ನೂಲಿನ ತುಂಡುಗಳು ಮಲಗಿರುವಂತೆ ಕಂಡು, ಅವನು ಕಣ್ಣುಜ್ಜಿಕೊಂಡ.

ಮರುದಿನ ಹೊತ್ತೇರುವಾಗ ಮೆಟ್ಟಿಲ ಮೇಲೆ, ಅವನ ತಲೆಗೆ ನೇರವಾಗಿ, ಚಪ್ಪಲಿಯ ಸದ್ದಾಯಿತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅಂಗಡಿಯ ಕಡೆ ನೋಡದೆ ಹೋಗಿ ಪಕ್ಕದ ಮನೆಯ ಗೇಟಿನ ಮುಂದೆ ನಿಂತ. ಮೂಲೆಯಲ್ಲಿ ಕೂತವನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು.

“ಸ್ವಲ್ಪ... ಹೇನು ಬೇಕಿತ್ತು.”

“ಏನಂದ್ರಿ? ಈ ಕಿವಿ ಸ್ವಲ್ಪ ಮಂದ.”

“ಹೇನು! ಹೇನು ಬೇಕಿತ್ತು ಅಂದೆ!”

ಬೀದಿಯೇ ತಿರುಗಿ ನೋಡಿತು. ಅಂಚೆಯವನು ಮತ್ತೆ ಸೈಕಲ್ ನಿಲ್ಲಿಸಿದ. ನರ್ಸಮ್ಮ ನಗಲಿಲ್ಲ, ಅದು ಅವಳ ದೊಡ್ಡಗುಣ.

“ನನ್ನ ಬಳ್ಳಿ ಒಣಗಿದ್ದು ನೆನಪಿದೆಯಾ?”

“ನೆನಪಿದೆ. ತಪ್ಪಾಯ್ತು.”

“ಹೇನು ಹತ್ತಿರೋ ಒಂದು ಕೊಂಬೆ ತಗೊಂಡ್ಹೋಗಿ, ನಿಮ್ಮ ಗಿಡದಲ್ಲೇ ಬೆಳೆಸ್ಕೊಳ್ಳಿ. ದಿನಾ ನಿಮ್ಮ ಮುಖ ನೋಡೋ ಶಕ್ತಿ ನನಗಿಲ್ಲ.”

ಹೇನು ಎಳೆಯ ಚಿಗುರಿನಲ್ಲಲ್ಲದೆ ಬೇರೆಲ್ಲೂ ನೆಲೆ ನಿಲ್ಲದು. ಅಂಥ ಚಿಗುರು ಆಗ ಇದ್ದದ್ದು ಬಿಳಿ ಗುಲಾಬಿಯಲ್ಲಿ ಮಾತ್ರ. ಆಸ್ಪತ್ರೆಯ ತೋಟದಿಂದ ನಿವೃತ್ತನಾಗುವಾಗ ಮಾವ ತುಂಡು ಕತ್ತರಿಸಿ ತಂದು ಬದುಕಿಸಿಕೊಂಡ ಗಿಡ ಅದು. ಮಗಳಿಗೂ ಅದರ ಹೂ ಕೀಳಲು ಬಿಟ್ಟವನಲ್ಲ. ಹಿಂದೆಯೇ ಮಾಳಿಗೆ ಹತ್ತಿದ ಅಳಿಯ ಬಾಗಿಲಲ್ಲೇ ನಿಂತುಬಿಟ್ಟ. ಮಾವ ಹುಳ ಮೆತ್ತಿದ ಕೊಂಬೆಯನ್ನು ಬಿಳಿ ಗುಲಾಬಿಗೆ ಒರಗಿಸಿ, ಕುಂಚದ ತುದಿಯಿಂದ ಹೇನುಗಳನ್ನು ಎಳೆಯ ಮೊಗ್ಗುಗಳ ಕೊರಳಿಗೆ ದಾಟಿಸುತ್ತಿದ್ದ. ಕೈ ಮಾತು ಕೇಳುತ್ತಿತ್ತು, ಮುಖ ಕೇಳುತ್ತಿರಲಿಲ್ಲ. ಅಳಿಯ ಸದ್ದಿಲ್ಲದೆ ಇಳಿದು ಬಂದ.

ಚಿಗುರುಗಳು ಸುರುಟಿಕೊಂಡವು, ಎಲೆಗಳು ಜಿಗುಟಾದವು, ಮೊಗ್ಗುಗಳು ಅರಳುವುದನ್ನೇ ಮರೆತವು. ಮಾವ ದಿನವೂ ಅಳತೆಯಿಟ್ಟು ಒಂದಿಷ್ಟನ್ನು ಮಾತ್ರ ತರುತ್ತಿದ್ದ; ತಾಯಿಹುಳುಗಳನ್ನು ಮುಟ್ಟುತ್ತಿರಲಿಲ್ಲ.

“ಅಪ್ಪನ ಕೈ ಪಿಚಕಾರಿಗೆ ತುರಿಸ್ತಿದೆ, ನೋಡ್ತಿರಿ,” ಎಂದಳು ಮಗಳು.

“ಸುಮ್ನಿರೇ,” ಎಂದ ಅಪ್ಪ. “ಬಸಿರಿಗೆ ಉಣಿಸೋ ಕೈ ಇದು.”

ಒಂದು ಮಧ್ಯಾಹ್ನ, ಕೋಣೆಯೆಲ್ಲ ನೀರೊಳಗಿನ ಬೆಳಕಿನಲ್ಲಿ ಮುಳುಗಿದಂತಿದ್ದ ಹೊತ್ತಿನಲ್ಲಿ, ಮೀನು ತೊಟ್ಟಿಯ ನೀರುಗಿಡದ ಎಲೆಗಳ ಮರೆಗೆ ಸರಿದು ನಡುಗಿತು. ಬಾಗಿದ ಎಳೆಯೊಂದು ಅದರಿಂದ ಕಳಚಿಕೊಂಡಿತು. ಇಳಿಯತೊಡಗಿತು. ಕೊಡೆ ಡಾಕ್ಟರಿಗೆ ಆ ಇಳಿಯುವಿಕೆಯ ಪರಿಚಯವಿತ್ತು. ಅವನು ಹೆಂಡತಿಯ ಕೈ ಹಿಡಿದ. ಎಳೆ ಮರಳಿಗೆ ತಾಗಿತು. ಅಲ್ಲಿ ನಿಂತಿತು. ಆಮೇಲೆ, ಯಾರೋ ಕೂಗಿ ಎಬ್ಬಿಸಿದಂತೆ, ಬೆನ್ನು ನೆಟ್ಟಗೆ ಮಾಡಿ ಓರೆಯಾಗಿ ಮೇಲೇರಿತು. ಅದು ನೀರಿನ ಮೇಲ್ಪದರಕ್ಕೆ ತಾಗಿ ನಿಲ್ಲುವಷ್ಟರಲ್ಲಿ ಎರಡನೆಯದು ಹುಟ್ಟಿತ್ತು, ಅದರ ಹಿಂದೆ ಇನ್ನೊಂದು.

“ಮಾವಾ!”

ಮಾವ ಬಂದು, ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿ, ಮತ್ತೆ ಒರೆಸಿ, ಬಗ್ಗಿ ನೋಡಿದ. ಹಸಿದ ತಾಯಿ ಮರಿಗಳನ್ನೇ ನುಂಗೀತೆಂದು ಅಳಿಯ ಅದನ್ನು ಬಲೆಯಲ್ಲಿ ಎತ್ತಿ ಬೇರೆ ಪಾತ್ರೆಗೆ ಬಿಟ್ಟ. ಮರಿಗಳು ಕಣ್ಣಿಟ್ಟ ಕೂದಲೆಳೆಗಳಂತೆ ಬೆಳಕಿನಲ್ಲಿ ನಿಂತಿದ್ದವು.

“ಇವಕ್ಕೇನು ತಿನ್ನಿಸೋದು?”

“ಅದೇ, ಮಾವ. ಆದ್ರೆ ಆಗತಾನೇ ಹುಟ್ಟಿರೋ ಹೇನೇ ಆಗ್ಬೇಕು. ಸಣ್ಣ ಬಾಯಿ.”

ಮಾವ ಗಾಜಿನಾಚೆ ನೋಡುತ್ತಿದ್ದ. ಮೊದಲು ಹುಟ್ಟಿದ ಮರಿ ತೇಲುತ್ತ ಬಂದು ಅವನ ಮೂಗಿಗೆದುರಾಗಿ ನಿಂತಿತು.

“ಹಾಗಾದ್ರೆ ಬಿಳೀದೊಂದೇ ಸಾಲಲ್ಲ,” ಎಂದು ಮಾವ ಮಂಡಿಯ ಮೇಲೆ ಕೈಯೂರಿ ಎದ್ದ. “ಕೆಂಪು ಗಿಡಕ್ಕೂ ಬಿಡ್ಬೇಕಾಗುತ್ತೆ. ಹಾಳಾಗ್ಲಿ.”