ರಂಗೋಲಿಗೆ ಕಡಿಮೆ ಅಂಕ

ಪರದೇಶದ ಈ ಜಾನ್ಸ್ ಕ್ರೀಕ್ ಊರಿನಲ್ಲಿ ನನ್ನ ಸ್ವಂತ ಇಡ್ಲಿ ಅಂಗಡಿ ತೆರೆಯಲು ಬಾಕಿ ಇದ್ದದ್ದು ಆರೋಗ್ಯ ಇಲಾಖೆಯ ತಪಾಸಣೆಯೊಂದೇ. ಅವತ್ತು ಬೆಳಿಗ್ಗೆ ಮಗಳು, "ಅಮ್ಮ, ಇವತ್ತು ರಂಗೋಲಿ ಬೇಡ. ಹಿಟ್ಟಿಗೆ ಇರುವೆ ಬರತ್ತೆ, ಫೇಲ್ ಮಾಡ್ತಾರೆ," ಅಂದಳು. ರಂಗೋಲಿ ಹಾಕದೆ ನಾನು ಯಾವ ಕೆಲಸವನ್ನೂ ಶುರು ಮಾಡಿದವಳಲ್ಲ. ಅಕ್ಕಿಹಿಟ್ಟಿನಲ್ಲೇ ಎಳೆದೆ.

ತಪಾಸಣೆಗೆ ಬಂದ ಹೆಂಗಸು ಒಳಗೇ ಬರಲಿಲ್ಲ. ಬಾಗಿಲ ಮುಂದೆ ಮಂಡಿಯೂರಿ ಎಳೆಗಳನ್ನೇ ನೋಡತೊಡಗಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಎರಡು ಮಹಾಯುದ್ಧಗಳ ನಡುವೆ ನಮ್ಮಜ್ಜಿ ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸಿ ಸೋತಿದ್ದರು," ಅಂದರು. "ಆಗ ಮಂಜುಗಡ್ಡೆಯ ಮೇಲೆ ಎಂಟರ ಆಕಾರದ ಗೆರೆ ಮೂಡಿಸಿ, ಅದೇ ಗೆರೆಯ ಮೇಲೆ ಮತ್ತೆ ಜಾರಬೇಕಿತ್ತು. ತೀರ್ಪುಗಾರರು ಹೀಗೇ ಬಗ್ಗಿ ನೋಡುತ್ತಿದ್ದರು. ನಿಮ್ಮ ಗೆರೆ ಇಲ್ಲಿ ಜರುಗಿದೆ."

"ಜರುಗಿಲ್ಲ, ಗಾಳಿಗೆ ಹಾರಿದೆ," ಅಂದೆ.

"ಅಜ್ಜಿಯೂ ಕೊನೆಯವರೆಗೆ ಗಾಳಿಯನ್ನೇ ಬೈಯುತ್ತಿದ್ದರು," ಎಂದು ನಗುತ್ತಾ ಒಳಗೆ ಬಂದರು.

ಅಡುಗೆಮನೆಗೆ ಪೂರ್ತಿ ನೂರು ಅಂಕ ಸಿಕ್ಕಿತು. ಮರುದಿನ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಆ ಕಾಲದಲ್ಲಿ ಅಂಥ ಸ್ಪರ್ಧೆಗಳು ಬಯಲಲ್ಲೂ ನಡೆಯುತ್ತಿದ್ದವಂತೆ. ತೀರ್ಪುಗಾರರು ಏನಾದರೂ ಹೇಳಿಕೊಳ್ಳಲಿ, ನಾನಂತೂ ಆ ಅಜ್ಜಿಯನ್ನು ನಂಬುತ್ತೇನೆ.