ಹೊಸ ಬೋರ್ಡಿಗೆ ಅವಸರ ಮಾಡದ ಮಲಕಾರಿ

ಬೆಳಗಿನ ಆರು ಗಂಟೆ. ಉಗಾರ ಖುರ್ದದ ಚಹದಂಗಡಿಗಳು ಇನ್ನೂ ಕಣ್ಣುಜ್ಜುತ್ತಿರುವಾಗಲೇ ಮಲಕಾರಿ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಶೆಟರ್ ಎತ್ತುತ್ತಾರೆ. ದೇವರಿಗೆ ಊದಿನಕಡ್ಡಿ ಹಚ್ಚುವ ಮೊದಲೇ ಮೇಜಿನ ಮೇಲಿನ ಪರದೆ ನೋಡುತ್ತಾರೆ. ಇಪ್ಪತ್ತೊಂಬತ್ತು ದಿನಗಳಿಂದ ಅದು ನಿಂತಿಲ್ಲ. ಕರೆಂಟು ಹೋದಾಗಲೂ ಎರಡು ಲಾರಿ ಬ್ಯಾಟರಿಗಳ ಮೇಲೆ ಓಡಿದೆ. ಇನ್ನೊಂದು ದಿನ ಓಡಿದರೆ ಹೊಸ ಚಿಪ್‌ಸೆಟ್ಟಿನ ಈ ಮದರ್‌ಬೋರ್ಡು ಪಾಸು. ನಾಡಿದ್ದು ಕಬ್ಬು ನುರಿಸುವ ಹಂಗಾಮು ಶುರು. ಅಷ್ಟರೊಳಗೆ ಅಣ್ಣಾಸಾಬರ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯಲ್ಲಿ, ಇದು ಕೂರಬೇಕು.

ಸುತ್ತಲಿನ ಹನ್ನೊಂದು ಕಾಟಾಗಳ ಕಂಪ್ಯೂಟರುಗಳು ಇವರ ಕೈಯಲ್ಲಿವೆ. ಹಂಗಾಮಿನಲ್ಲಿ ಒಂದೊಂದರ ಮೇಲೂ ದಿನಕ್ಕೆ ಇನ್ನೂರೈವತ್ತು ಗಾಡಿ ಹಾಯುತ್ತವೆ. ಧೂಳು, ಮಸಿ, ಟ್ರ್ಯಾಕ್ಟರಿನ ನಡುಕ ಎಲ್ಲವನ್ನೂ ಬೋರ್ಡು ತಾಳಬೇಕು. ಮೊದಮೊದಲು ಮಲಕಾರಿ ಮಿರಜದಿಂದ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಆಗೆಲ್ಲ ಕಂಪ್ಯೂಟರ್ ಕೋಣೆಗೆ ನಾವು ಚಪ್ಪಲಿ ಬಿಟ್ಟೇ ಹೋಗುತ್ತಿದ್ದೆವು. ಆ ಭಯಭಕ್ತಿ ನೆನೆದರೆ ನಗು ಬರುತ್ತದೆ, ಸಂಕಟವೂ ಆಗುತ್ತದೆ.

ಆ ಭಕ್ತಿಯೇ 2006ರಲ್ಲಿ ಇವರನ್ನು ಕೆಡವಿತು. ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಹೊಸ ಯಂತ್ರವೇ ಇರಲೆಂದು ಆಗಷ್ಟೇ ಬಿಡುಗಡೆಯಾದ ಬೋರ್ಡು ತಂದು ಕಾಟಾಕ್ಕೆ ಹಾಕಿ, ಅರಿಶಿನದ ಭಂಡಾರ ಹಚ್ಚಿ ಕೈಮುಗಿದರು. ಹಂಗಾಮಿನ ಮೊದಲ ದಿನವೇ ಹತ್ತನೆಯ ಗಾಡಿಗೆ ಪರದೆ ಗರ ಬಡಿದಂತೆ ನಿಂತಿತು. ಬಿಸಿಲೇರಿತು, ಕಾದು ನಿಂತ ಗಾಡಿಗಳ ಪಾಳಿ ರಸ್ತೆಯವರೆಗೆ ಬೆಳೆಯಿತು, ಕಬ್ಬು ಒಣಗತೊಡಗಿತು. ಪಾಳಿಯಲ್ಲಿ ಅವರ ತಂದೆ ಮುರಗೆಪ್ಪನ ಗಾಡಿಯೂ ಇತ್ತು.

“ಅಪ್ಪ ಬೈದಿದ್ರ ಹಗುರ ಆಗ್ತಿತ್ರಿ. ಅಂವಾ ನೊಗಾ ಇಳಿಸಿ ಎತ್ತಿನ ಹೆಗಲಿಗೆ ನೀರ ಹಚ್ಚಾಕತ್ತಿದ್ದ,” ಎನ್ನುತ್ತಾರೆ ಮಲಕಾರಿ. ತಂದೆ ಈಗಿಲ್ಲ. “ಹೊಸಾ ಎತ್ತ ತಂದ ದಿನಾನ ತುಂಬಿದ ಗಾಡಿಗೆ ಹೂಡ್ತಾರೇನ್ರಿ? ಮೊದಲ ಖಾಲಿ ಗಾಡಿ ಎಳಸ್ತಾರ. ಅಪ್ಪಗ ಗೊತ್ತಿತ್ತು, ನನಗ ತಿಳೀಲಿಲ್ಲ.”

ಅಂದಿನಿಂದ ಹೊಸ ಚಿಪ್‌ಸೆಟ್ ಬರುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ, ಆಸೆಯಿಂದ ಕಾಯುತ್ತಾರೆ, ಬಂದ ಮೇಲೆ ಮಾತ್ರ ಕೊಳ್ಳುವುದಿಲ್ಲ. ಊರೂರಿನವರ ದೂರು ಇಂಟರ್ನೆಟ್ಟಿನಲ್ಲಿ ಓದಿ, ಕಂಪನಿ ತಿದ್ದಿ ಕಳಿಸಿದ ಎರಡನೆಯ ಆವೃತ್ತಿಯ ಬೋರ್ಡು ತಂದು, ಮೂವತ್ತು ದಿನ ಓಡಿಸಿಯೇ ಕಾಟಾಕ್ಕೆ ಒಯ್ಯುತ್ತಾರೆ. ಈ ಸಲ ತಿದ್ದಿದ ಬೋರ್ಡು ಬರುವುದೇ ತಡವಾಯಿತು. ಕಾಟಾದ ಹಳೆಯ ಬೋರ್ಡು ಕೆಟ್ಟು ಕೂತಿದೆ, ಅದರಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಸುಮ್ಮನೆ ಹಾಕಿಬಿಡು ಎಂದು ಅಣ್ಣಾಸಾಬ ವಾರದಿಂದ ದುಂಬಾಲು ಬಿದ್ದಿದ್ದಾರೆ. ಮಲಕಾರಿ ಜಗ್ಗಿಲ್ಲ.

ಮೂವತ್ತು ದಿನ ತುಂಬಿತು, ಬೋರ್ಡು ಅಣ್ಣಾಸಾಬರ ಕಾಟಾ ಸೇರಿತು. ಹಂಗಾಮಿನ ಮೊದಲ ಬೆಳಗು ನಾನೂ ಕಾಟಾಕ್ಕೆ ಹೋಗುತ್ತೇನೆ. ತೆಂಗಿನಕಾಯಿ ಒಡೆಯುತ್ತಾರೆ, ತೂಕ ಬರೆಯುವ ಗುಮಾಸ್ತರಿಗೆ ಹಾರ ಹಾಕುತ್ತಾರೆ. ಮಲಕಾರಿಯವರಿಗೆ ಯಾರೂ ಪೇಢೆ ಸಹ ಕೊಡಲಿಲ್ಲವೆಂದು ನನಗೇ ಸಿಟ್ಟು. ಅವರು ಬೇಲಿಯ ಪಕ್ಕ ನಿಂತು ಗಾಡಿ ಎಣಿಸುತ್ತಿದ್ದಾರೆ. ಹತ್ತನೆಯದು ಹಾಯುತ್ತದೆ, ಹನ್ನೊಂದನೆಯದು, ನಲವತ್ತನೆಯದು. ಆಮೇಲೆ ಸೈಕಲ್ ಹತ್ತುತ್ತಾರೆ. ನಿಮ್ಮ ಹೆಸರು ಯಾರಾದರೂ ಹೇಳಬೇಡವೇ ಎಂದು ಕೇಳಿದೆ.

“ಬ್ಯಾಡ್ರಿ. ‘ಮಲಕಾರಿನ ಕರೀರಿ’ ಅಂದ್ರಂದ್ರ ಪಾಳಿ ನಿಂತೈತಿ ಅಂತ ಅರ್ಥ. ಈ ಹಂಗಾಮ ಮುಗಿಯೂತನಕ ನನ್ನ ಯಾರೂ ನೆನಸಬಾರದು, ಅಷ್ಟ.”