ಕಂಡಕ್ಟರ್ ಕೆಂಪಣ್ಣನ ಮೀನುಗಳು

ಕೆಂಪಣ್ಣ ಮೀನುಗಳನ್ನು ಕರೆಯುತ್ತಿದ್ದದ್ದು ನಾಣ್ಯದಿಂದ. ಗಾಜಿನ ತೊಟ್ಟಿಗೆ ಟಕಟಕ ಬಡಿದರೆ ಸಾಕು, ಗೋಲ್ಡ್‌ಫಿಷ್‌ಗಳೆಲ್ಲ ಮುಂದಕ್ಕೆ ನುಗ್ಗುತ್ತಿದ್ದವು. "ಮುಂದಕ್ ನುಗ್ಬೇಡಿ, ಹಿಂದ್ಗಡೆ ಜಾಗ ಐತೆ" ಎಂದು ಗದರುತ್ತಿದ್ದ. ಮಾಗಡಿ-ಬೆಂಗಳೂರು ಬಸ್ಸಿನಲ್ಲಿ ಕಂಡಕ್ಟರಾಗಿ ಜೀವ ತೇದ ಮನುಷ್ಯ. ಬೈಯಲು ಪ್ರಯಾಣಿಕರಿಲ್ಲದೆ ಮೀನು ಸಾಕಿಕೊಂಡಿದ್ದಾನೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ನಮ್ಮೆರಡೂ ಮನೆಗಳ ನಡುವೆ ಒಂದೇ ಗೋಡೆ. ನನಗೆ ಅವನು ಅಣ್ಣನೇ.

ಮೊದಲು ತಂದ ಮೀನುಗಳು ನಮ್ಮ ಬೀದಿಯ ಬೋರ್‌ವೆಲ್ ನೀರಿನಲ್ಲಿ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ನಲ್ಲಿಗೆ ಬರುವ ಆ ಬೋರ್ ನೀರನ್ನೇ ಕಾಯಿಸಿ, ಆರಿಸಿ ಹಾಕಿ ನೋಡಿದ. ಮತ್ತೂ ಸತ್ತವು. ಮೀನಿನ ಅಂಗಡಿಯವನು ಕೊಟ್ಟ ಪರೀಕ್ಷೆಯ ಹನಿ ಬಿಟ್ಟರೆ ನೀರು ಕುಂಕುಮದ ಹಾಗೆ ಕೆಂಪಾಯಿತು. ನೈಟ್ರೇಟ್ ಅಂತೆ. ತಿಪ್ಪೆಯದ್ದು, ಕಕ್ಕಸು ಗುಂಡಿಯದ್ದು, ಹೊಲಕ್ಕೆ ಸುರಿದ ಗೊಬ್ಬರದ್ದು ಎಲ್ಲ ಇಳಿದು ಬೋರಿಗೆ ಸೇರುತ್ತದಂತೆ. "ಕಾಯ್ಸುದ್ರೆ ನೀರ್ ಇಂಗ್ತದೆ, ಇದು ಇಂಗಲ್ಲ ಕಣವ್ವ. ಇನ್ನೂ ಗಟ್ಟಿಯಾಯ್ತದೆ" ಎಂದು ನನಗೆ ಪಾಠ ಹೇಳಿದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಸೈಕಲ್ ಸವಾರಿ. ಬಸ್‌ಸ್ಟ್ಯಾಂಡ್ ಹತ್ತಿರದ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿ ತರುವುದು, ನಲ್ಲಿ ನೀರಿಗೆ ಬೆರೆಸಿ ತೊಟ್ಟಿಗೆ ಬಿಡುವುದು. ಆ ವಿಷವನ್ನು ಹೀರಲಿ ಎಂದು ಮನಿಪ್ಲಾಂಟಿನ ಬೇರನ್ನೂ ನೀರಿಗೆ ಇಳಿಬಿಟ್ಟ. ಮೀನು ಉಳಿದವು, ಬಳ್ಳಿ ಕಿಟಕಿ ದಾಟಿತು. ಮನೆಯವರು ಕುಡಿಯುತ್ತಿದ್ದದ್ದು ಮಾತ್ರ ನಲ್ಲಿ ನೀರೇ. ಹುಟ್ಟಿದಾಗಿನಿಂದ ಕುಡಿದು ಕಲ್ಲಿನ ಹಾಗಿದ್ದೀವಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ನಮ್ಮ ಮನೆಯಲ್ಲೂ ಅದೇ ನೀರು, ಅದೇ ಮಾತು.

ಕೆಂಪಣ್ಣನ ಮಗಳು ಸವಿತಾ ಬಾಣಂತನಕ್ಕೆ ಬಂದಳು. ಎದೆಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸಬೇಕಾಯಿತು. ಕೂಸಿನ ನೀರು ಒಲೆ ಮೇಲೆ ಮರಳಿ ಮರಳಿ ಅರ್ಧಕ್ಕಿಳಿಯಬೇಕು ಎನ್ನುವುದು ನಮ್ಮ ಮನೆಗಳ ಪದ್ಧತಿ. ಕೆಂಪಣ್ಣ ಆ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. ಒಲೆ ಮುಂದೆ ನಿಂತು, "ಒಸಿ ತಡಿ ಮಗ, ಇನ್ನೂ ಮರಳ್ಲಿ" ಎನ್ನುತ್ತಿದ್ದ. ಎಂಥ ಅಕ್ಕರೆ ಆ ಮುಖದಲ್ಲಿ!

ಕೂಸಿನ ತುಟಿ ನೀಲಿಗೆ ತಿರುಗಿದಾಗ ನಾವೆಲ್ಲ ಥಂಡಿ ಎಂದುಕೊಂಡೆವು. ಬಜೆ ತೇಯ್ದು ಹಚ್ಚಿದೆವು, ಸಾಂಬ್ರಾಣಿ ಹೊಗೆ ಹಾಕಿದೆವು. ಉಗುರೂ ನೀಲಿಯಾದ ಮೇಲೆ ಬೆಂಗಳೂರಿಗೆ ಓಡಿದೆವು. ಕೂಸಿನ ರಕ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಹಾಲು ಕಲಸಿದ್ದು ಯಾವ ನೀರಿನಲ್ಲಿ ಎಂದು ಡಾಕ್ಟರು ಕೇಳಿದರು. ಬೋರ್ ನೀರು ಎಂದೆವು. ದೊಡ್ಡವರು ತಡೆದುಕೊಳ್ಳುವ ನೈಟ್ರೇಟನ್ನು ಎಳೆಕೂಸು ತಡೆದುಕೊಳ್ಳದು ಎಂದರು. ಆ ಹೆಸರು ಕೇಳುತ್ತಲೇ ಕೆಂಪಣ್ಣ ಕೈಯಲ್ಲಿದ್ದ ಹಾಲಿನ ಬಾಟಲಿಯನ್ನು ಚೀಲದೊಳಗೆ ತುರುಕಿದ. ತಡವಾಗಿತ್ತು. ಕೂಸು ಉಳಿಯಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮೀನುಗಳನ್ನು ಬಕೆಟ್ಟಿನಲ್ಲಿ ನಮ್ಮ ಮನೆಗೆ ತಂದ. ಹಿಂದೆಯೇ ಖಾಲಿ ತೊಟ್ಟಿಯನ್ನೂ ತಂದಿಟ್ಟ.

"ಕಾಯ್ಸುದ್ರೆ ಹೋಗಲ್ಲ ಅಂತ ನಂಗ್ ಗೊತ್ತಿತ್ತಲ್ಲವ್ವ" ಎಂದ. "ಮೀನ್‌ಗಾದ್ರೆ ಗೊತ್ತಿತ್ತು."

ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವನು ಅಳಲಿಲ್ಲ. ಅವುಕ್ಕೆ ಬರೀ ನಲ್ಲಿ ನೀರು ಬಿಡಬೇಡ ಎಂದಷ್ಟೇ ಹೇಳಿ ಹೋದ. ಆಮೇಲೆ ನಾಣ್ಯದ ಸದ್ದನ್ನು ನಾನು ಕೇಳಲಿಲ್ಲ. ಗಂಡನ ಮನೆಗೆ ಹೋದ ಸವಿತಾ ಅಪ್ಪನ ಹೊಸ್ತಿಲು ತುಳಿಯಲಿಲ್ಲ. ಬೀದಿ ನಲ್ಲಿ ಬಿಡುವ ಹೊತ್ತಿಗೆ ಅವನು ಬಾಗಿಲು ಹಾಕಿಕೊಂಡುಬಿಡುತ್ತಿದ್ದ. ಹೀಗೇ ಸೊರಗಿ ಸೊರಗಿ, ಹೋದ ವರ್ಷ ತೀರಿಕೊಂಡ.

ಮಣ್ಣಿಗೆ ಸವಿತಾ ಬಂದಳು. ಎಲ್ಲ ಮುಗಿದ ಮೇಲೆ ಕೈಕಾಲು ತೊಳೆದು ನಮ್ಮ ನಡುಮನೆಗೆ ಬಂದವಳು ಮೀನಿನ ತೊಟ್ಟಿ ಮುಂದೆ ನಿಂತಳು. ಮನುಷ್ಯರ ನೆರಳು ಕಂಡಿದ್ದೇ ಅವೆಲ್ಲ ಮುಂದಕ್ಕೆ ನುಗ್ಗಿದವು.

"ಚೆನ್ನಾಗ್ ಬೆಳ್ದವೆ" ಎಂದಳು. ಗಾಜಿಗೆ ಬೆರಳು ಒತ್ತಿ ಕೇಳಿದಳು: "ಯಾವ್ ನೀರ್ ಹಾಕ್ತೀರ ಅತ್ತೆ?"

"ಕ್ಯಾನ್ ನೀರು ಬೆರೆಸ್ತೀನಿ ಕಣಮ್ಮ" ಎಂದೆ. "ನಿಮ್ಮಪ್ಪ ಹೇಳ್ಕೊಟ್ಟಂಗೆ."